ಪ್ರಶ್ನೋತ್ತರ: ಹೊರದೇಶದಲ್ಲಿ ಮನೆ ಕೊಳ್ಳುವಾಗ ತೆರಿಗೆ, ಶುಲ್ಕಕ್ಕೆ ಎಷ್ಟು ಎತ್ತಿಡಬೇಕು?

ಸುಮಾ: ಮೇಡಂ, ಸ್ಪೇನಿನ ಕ್ಯಾಟಲೋನಿಯಾದಲ್ಲಿ ಹಳೇ ಫ್ಲಾಟ್ ಒಂದು ಇಷ್ಟವಾಗಿದೆ. ಬೆಲೆ 2,00,000 ಯೂರೋ. ನಮ್ಮ ಹತ್ತಿರ ಇರುವುದು 2,15,000. ಸಾಕಾಗುತ್ತಾ? ಮಾಲೀಕರು ಬೇರೆ ದೇಶದಲ್ಲಿದ್ದಾರೆ. ಪೂರ್ತಿ ಹಣ ತಮ್ಮ ಖಾತೆಗೇ ಹಾಕಿ ಅಂತಿದ್ದಾರೆ. ಈ ವಾರವೇ ಮುಂಗಡ ಕೊಡಬೇಕಂತೆ.

ತೆರಿಗೆ ಸಲಹೆಗಾರ್ತಿ: ಸುಮಾ ಅವರೇ, ಮುಂಗಡ ಈಗಲೇ ಕೊಡಬೇಡಿ. ಅಲ್ಲಿ ಸಾಮಾನ್ಯವಾಗಿ 10% ಕೇಳುತ್ತಾರೆ. ಆಮೇಲೆ ದುಡ್ಡು ಸಾಲದೆ ಹಿಂದೆ ಸರಿದರೆ ಅದು ಕೈಬಿಟ್ಟು ಹೋಗುತ್ತದೆ.

ಹಳೇ ಮನೆಗೆ ವರ್ಗಾವಣೆ ತೆರಿಗೆ ಇದೆ. ಮ್ಯಾಡ್ರಿಡ್‌ನಲ್ಲಿ 6%, ಕ್ಯಾಟಲೋನಿಯಾದಲ್ಲಿ ನಿಮ್ಮ ಬೆಲೆಗೆ 10%. ಅಂದರೆ 20,000. ನಿಮ್ಮ 15,000 ಅಲ್ಲೇ ಮುಗಿಯಿತು. ನೋಟರಿ, ನೋಂದಣಿ, ವಕೀಲರ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಇನ್ನೊಂದು ಇದೆ. 2022ರಿಂದ ಅಲ್ಲಿನ ಭೂದಾಖಲೆ ಕಚೇರಿ ಮನೆಗಳಿಗೆ ತನ್ನದೇ ಉಲ್ಲೇಖ ಬೆಲೆ ಕಟ್ಟುತ್ತದೆ. ನೀವು ಕೊಟ್ಟಿದ್ದಕ್ಕಿಂತ ಅದು ಜಾಸ್ತಿ ಇದ್ದರೆ ತೆರಿಗೆ ಅದರ ಮೇಲೆ. 2,30,000 ಅಂತಿದ್ದರೆ 23,000 ಕಟ್ಟಬೇಕು. ವಕೀಲರಿಗೆ ಹೇಳಿ ಮೊದಲು ಆ ಬೆಲೆ ತೆಗೆಸಿ.

ನನಗೆ ಜಾಸ್ತಿ ಭಯ ಆಗಿದ್ದು ಮಾಲೀಕರ ಮಾತು ಕೇಳಿ. ಮಾರುವವರು ಸ್ಪೇನಿನ ನಿವಾಸಿ ಅಲ್ಲದಿದ್ದರೆ ಕೊಳ್ಳುವವರೇ 3% ಹಿಡಿದಿಟ್ಟುಕೊಂಡು, ಒಂದು ತಿಂಗಳೊಳಗೆ 211ನೇ ನಮೂನೆಯಲ್ಲಿ ತೆರಿಗೆ ಕಚೇರಿಗೆ ಕಟ್ಟಬೇಕು. ನಿಮ್ಮ ಲೆಕ್ಕದಲ್ಲಿ 6,000. ಪೂರ್ತಿ ಅವರ ಕೈಗೆ ಕೊಟ್ಟರೆ, ಕಚೇರಿ ನಾಳೆ ಹುಡುಕಿಕೊಂಡು ಬರುವುದು ಆ ಫ್ಲಾಟನ್ನೇ. ಅಂದರೆ ನಿಮ್ಮನ್ನೇ.

ರಾಘು: ದುಬೈನಲ್ಲಿ ತೆರಿಗೆನೇ ಇಲ್ವಂತೆ, ಹೌದಾ ಮೇಡಂ?

ಸಲಹೆಗಾರ್ತಿ: ವರ್ಗಾವಣೆ ಶುಲ್ಕ 4%. ದಲ್ಲಾಳಿಗೆ ಸಾಮಾನ್ಯವಾಗಿ 2%, ಅದರ ಮೇಲೆ 5% ವ್ಯಾಟ್.

ವಿನಯ್: ಪೋರ್ಚುಗಲ್ ಬಗ್ಗೆ ಸ್ವಲ್ಪ ಹೇಳ್ತೀರಾ?

ಮಹೇಶ್: ಒಂದು ಫಾರ್ವರ್ಡ್ ಬಂದಿದೆ. ಪತ್ರದಲ್ಲಿ ಬೆಲೆ ಕಮ್ಮಿ ಬರೆಸಿ, ಉಳಿದಿದ್ದು ನಗದು ಕೊಡಿ. ಇಲ್ಲಾಂದ್ರೆ ಕಂಪನಿ ಹೆಸರಲ್ಲಿ ಕೊಳ್ಳಿ, ತೆರಿಗೆ ಉಳಿಯುತ್ತೆ.

ಸಲಹೆಗಾರ್ತಿ: ಇದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಕಮ್ಮಿ ಬರೆಸುವುದು ಅಪರಾಧ. ಸ್ಪೇನಿನಲ್ಲಿ ಉಲ್ಲೇಖ ಬೆಲೆಗಿಂತ ಕಮ್ಮಿ ಬರೆಸಿದರೂ ತೆರಿಗೆ ಆ ಬೆಲೆಯ ಮೇಲೇ. ಮುಂದೆ ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆ ಏರುತ್ತದೆ. ಕಂಪನಿ ವಿಷಯ: ಇಂಗ್ಲೆಂಡಿನಲ್ಲಿ 5 ಲಕ್ಷ ಪೌಂಡ್ ದಾಟಿದ ಮನೆಯನ್ನು ಕಂಪನಿ ಕೊಂಡರೆ, ವಿನಾಯಿತಿ ಇಲ್ಲದಿದ್ದರೆ, ಪೂರ್ತಿ ಬೆಲೆಗೆ 17% ಮುದ್ರಾಂಕ ಸುಂಕ.

ಮಹೇಶ್: ಸುಮ್ನೆ ಹಂಚಿಕೊಂಡೆ ಮೇಡಂ, ಅಷ್ಟು ಸಿಟ್ಟು ಯಾಕೆ?

ಸಲಹೆಗಾರ್ತಿ: ಇದನ್ನು ನಂಬಿ ಸಹಿ ಹಾಕಿ, ದಂಡದ ನೋಟಿಸ್ ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ. ಅದಕ್ಕೆ.

ರಾಘು: ಯುರೋಪಿನ ಗೋಜೇ ಬೇಡ. ದುಬೈನಲ್ಲಿ 4% ಬಿಸಾಕಿದರೆ ಮುಗೀತು.

ಗೀತಾ: ಮುಗೀತಾ? ವರ್ಷ ವರ್ಷ ಸರ್ವಿಸ್ ಚಾರ್ಜ್ ಯಾರು ಕಟ್ತಾರೆ? ಬಾಡಿಗೆಗೆ ಹೋಗದೆ ಬೀಗ ಹಾಕಿದ್ದರೂ ಬಿಡಲ್ಲ.

ರಾಘು: ನೀವು ಕೊಂಡಿದ್ದೀರಾ? ಇಲ್ಲಾಂದ್ರೆ ಮಾತಾಡಬೇಡಿ.

ಗೀತಾ: ಆರು ವರ್ಷದಿಂದ ಕಟ್ಟುತ್ತಿದ್ದೇನೆ. ರಸೀದಿ ಹಾಕಲಾ?

ಶಂಕರ್: ಮೇಡಂ, ದುಬೈ ಶುಲ್ಕ ಎಷ್ಟು?

ಸಲಹೆಗಾರ್ತಿ: ಮೇಲಿದೆ, ಓದಿ.

ಲತಾ: ಸಿಂಗಾಪುರ?

ಸಲಹೆಗಾರ್ತಿ: ವಿದೇಶಿಯರಿಗೆ 2023ರ ಏಪ್ರಿಲ್‌ನಿಂದ ಹೆಚ್ಚುವರಿ ಮುದ್ರಾಂಕ ಸುಂಕವೇ 60%.

ವಿನಯ್: ಪೋರ್ಚುಗಲ್??

ರಾಘು: ರಸೀದಿ ಎಲ್ಲಿ?

ಸುಮಾ: ಮೇಡಂ, ಮಾಲೀಕರಿಗೆ 3% ವಿಷಯ ಹೇಳಿದೆ. ನಂಬಿಕೆ ಇಲ್ವಾ ಅಂತ ರೇಗಿದರು.

ಸಲಹೆಗಾರ್ತಿ: ರೇಗಲಿ. ಇದು ನಂಬಿಕೆಯ ಮಾತಲ್ಲ, ಕಾನೂನು. ಬೆಲೆಯಲ್ಲೇ ಮುರಿದುಕೊಳ್ಳಿ, ಮೇಲೆ ಕೊಡುವುದಲ್ಲ. ಅವರ ತೆರಿಗೆ ಅದಕ್ಕಿಂತ ಕಮ್ಮಿ ಬಂದರೆ ಕಚೇರಿಯಿಂದ ವಾಪಸ್ ಪಡೆಯುತ್ತಾರೆ. 3% ಹಿಡಿದದ್ದನ್ನು ನೋಟರಿ ಪತ್ರದಲ್ಲೇ ಬರೆಸಿ. ಒಪ್ಪದಿದ್ದರೆ ಬೇರೆ ಫ್ಲಾಟ್ ನೋಡಿ.