ಮಾಕ್ ಕೋಡ್‌ನಲ್ಲಿ ಟೀಮ್ ಲೀಡರ್ ಆದರೆ ಮಾತೇ ಹೊರಡಲ್ಲ

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಏಳನೇ ಸೆಮ್, ದಾವಣಗೆರೆ

ಕಳೆದ ವಾರ ಸಿಮ್ಯುಲೇಶನ್ ಲ್ಯಾಬ್‌ನಲ್ಲಿ ಮಾಕ್ ಕೋಡ್ (ಹೃದಯ ನಿಂತ ರೋಗಿಯನ್ನು ಉಳಿಸುವ ಅಣಕು ಅಭ್ಯಾಸ) ಇತ್ತು, ನನ್ನನ್ನು ಲೀಡರ್ ಮಾಡಿದ್ದರು. ಮಾನಿಟರ್‌ನಲ್ಲಿ ವಿ-ಫಿಬ್ (ಹೃದಯ ಸರಿಯಾಗಿ ಬಡಿಯದೆ ಬರೀ ಅದುರುವ ಸ್ಥಿತಿ) ಬಂತು. ಮೊದಲು ಗುರುತು ಹಿಡಿದವಳೂ ನಾನೇ. "ಯಾರಾದ್ರೂ ಸಿಪಿಆರ್ ಶುರು ಮಾಡಿ" ಅಂದೆ. ಮೂವರೂ ಮುಖ ಮುಖ ನೋಡಿಕೊಂಡು ನಿಂತರು. ಕೊನೆಗೆ ನಾನೇ ಬೊಂಬೆಯ ಎದೆ ಒತ್ತೋಕೆ ಹೋದೆ. ಡಿಫಿಬ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಮೂಲೆಯಲ್ಲೇ ಉಳಿಯಿತು. ಓದಿದ್ದೆಲ್ಲ ನೆನಪಿದೆ. ಜೊತೆಯವರಿಗೆ ಕೆಲಸ ಹೇಳುವಾಗ ಮಾತ್ರ ಗಂಟಲು ಕಟ್ಟುತ್ತೆ. ಮುಂದಿನ ತಿಂಗಳು ಐಸಿಯು ಪೋಸ್ಟಿಂಗ್. ಏನು ಮಾಡಲಿ?

ಉತ್ತರ: ಐಸಿಯು ಸಿಸ್ಟರ್, ಹುಬ್ಬಳ್ಳಿ

ತಂಗಿ, "ಯಾರಾದ್ರೂ" ಅನ್ನೋದನ್ನ ಮೊದಲು ಬಿಡು. ನಾನೂ ಹೊಸದರಲ್ಲಿ "ಯಾರಾದ್ರೂ ಅಡ್ರಿನಲಿನ್ ತನ್ನಿ" ಅಂತ ಔಷಧಿ ಕೇಳಿದ್ದೆ. ಇಬ್ಬರು ಒಟ್ಟಿಗೇ ಟ್ರಾಲಿಗೆ ಓಡಿದರು, ಅದರಲ್ಲಿ ಒಬ್ಬರು ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಬಿಟ್ಟು ಹೋಗಿದ್ದರು! ಅವತ್ತಿಂದ ಹೆಸರು ಹಿಡಿದೇ ಕರೆಯೋದು. "ರೇಖಾ, ಅಡ್ರಿನಲಿನ್ 1 ಎಂಜಿ ಐವಿ." ಅವಳು "1 ಎಂಜಿ ಹೋಯ್ತು" ಅಂತ ವಾಪಸ್ ಹೇಳೋವರೆಗೆ ಆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಬರೆದುಕೊಳ್ಳೋಕೆ ಒಬ್ಬರು ಇರಲಿ, 3ರಿಂದ 5 ನಿಮಿಷಕ್ಕೆ ಮುಂದಿನ ಡೋಸ್ ನೆನಪಿಸೋದು ಅವರ ಕೆಲಸ.

ಇನ್ನೊಂದು. ಬೆಡ್‌ನ ಕಾಲಿನ ಕಡೆ ನಿಲ್ಲು. ಮಾನಿಟರ್, ಒತ್ತುವವರ ಕೈ, ಗಡಿಯಾರ ಮೂರೂ ಅಲ್ಲಿಂದ ಕಾಣುತ್ತೆ. ಎದೆ ಒತ್ತೋಕೆ ನೀನು ಕೈ ಹಾಕಿದೆಯೋ, ನೋಡೋರು ಯಾರೂ ಇಲ್ಲ. ಒತ್ತುವವರು 2 ನಿಮಿಷಕ್ಕೊಮ್ಮೆ ಬದಲಾಗಬೇಕು, ಅಷ್ಟು ಆಗೋ ಮುಂಚೆನೇ "ಮುಂದಿನವರು ರೆಡಿ" ಅನ್ನು. ಕೈ ಬದಲಾಗುವಾಗ 10 ಸೆಕೆಂಡ್ ಮೀರಬಾರದು.

ಉತ್ತರ: ಸ್ಕಿಲ್ ಲ್ಯಾಬ್ ಟ್ಯೂಟರ್

ಸಿಸ್ಟರ್ ಹೇಳಿದ್ದು ಸರಿ. ನನ್ನ ಅನುಭವದಲ್ಲಿ ಧೈರ್ಯ ಬರೋದು ಎರಡನೇ ಸಲಕ್ಕೆ. ಡಿಬ್ರೀಫಿಂಗ್ (ಅಭ್ಯಾಸದ ನಂತರ ಸರಿ-ತಪ್ಪು ಚರ್ಚೆ) ಮುಗಿದ ಮೇಲೆ ಅದೇ ಕೇಸ್, ಅದೇ ಲೀಡರ್ ಪಾತ್ರ ಮತ್ತೆ ಕೊಡಿ ಅಂತ ಕೇಳಮ್ಮ. ತುಂಬಾ ಕಾಲೇಜಲ್ಲಿ ಒಬ್ಬರಿಗೆ ಒಂದೇ ಸಲ ಕೊಟ್ಟು, ತಪ್ಪು ಪಟ್ಟಿ ಓದಿ ಕಳಿಸ್ತಾರೆ. ಅದರಿಂದ ಭಯ ಜಾಸ್ತಿ ಆಗುತ್ತೆ ಅಷ್ಟೇ.

ಪ್ರಶ್ನೆ ಕೇಳಿದವರು:

ಥ್ಯಾಂಕ್ಸ್ ಅಕ್ಕ, ಮೇಡಂ. ಆದರೆ ವಾರ್ಡ್‌ನಲ್ಲಿ ನನಗಿಂತ ದೊಡ್ಡವರನ್ನ ಹೆಸರು ಹಿಡಿದು ಹೇಗೆ ಕರೆಯಲಿ?

ಐಸಿಯು ಸಿಸ್ಟರ್, ಹುಬ್ಬಳ್ಳಿ:

"ಮಂಜುಳಾ ಸಿಸ್ಟರ್, ಕಂಪ್ರೆಷನ್ ನೀವು ತಗೊಳ್ಳಿ." ಮರ್ಯಾದೆನೂ ಉಳೀತು, ಕೆಲಸ ಯಾರದು ಅಂತಲೂ ಗೊತ್ತಾಯ್ತು ಅಲ್ವಾ?

ಪ್ರಶ್ನೆ ಕೇಳಿದವರು:

ನಿನ್ನೆ ಹಾಸ್ಟೆಲ್‌ನಲ್ಲಿ ದಿಂಬು ಇಟ್ಟುಕೊಂಡು ನಾಲ್ವರು ಮಾಡಿದೆವು. ಮೂರನೇ ಸುತ್ತಿಗೆ ದನಿ ಗಟ್ಟಿಯಾಗಿ ಬಂತು. ಮಂಗಳವಾರ ಲ್ಯಾಬ್ ಕೇಳಿದ್ದೇನೆ, ಅದೇ ಕೇಸ್.