ಹೆದ್ದಾರಿ ಬಿಟ್ಟು ಸೈಕಲ್ ತುಳಿಯಲು ದಾರಿ ಯಾವುದು? ಕರಾವಳಿ ಮತ್ತು ಗಡಿನಾಡಿನ ಅನುಭವಗಳು

ಮಂಗಳೂರಿನ ಕೊಟ್ಟಾರದಿಂದ ಪ್ರಶ್ನೆ:

ಹಾಸನದಿಂದ ಕೆಲಸಕ್ಕೆಂದು ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ಮಳೆ ನಿಂತ ಮೇಲೆ ಎರಡು ಸಲ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಗೆ ಸೈಕಲ್ಲಿನಲ್ಲಿ ಹೋಗಿಬಂದೆ. ಲಾರಿಗಳ ಸದ್ದು ಮತ್ತು ಬಿಸಿಲು ಬಿಟ್ಟರೆ ಬೇರೇನೂ ನೆನಪಿನಲ್ಲಿ ಉಳಿಯಲಿಲ್ಲ. ಡಿಸೆಂಬರಿನಲ್ಲಿ ತಂಗಿ ಬರುತ್ತಾಳೆ. ಅವಳೂ ದಿನಕ್ಕೆ 50 ಕಿಲೋಮೀಟರ್ ತುಳಿಯಬಲ್ಲಳು. ಒಂದು ದಿನ ಕಡಲ ಬದಿ, ಇನ್ನೊಂದು ದಿನ ಕೇರಳ ಗಡಿಯ ಹಳ್ಳಿಗಳು ಎಂದು ಯೋಚನೆ. ಅನುಭವವಿದ್ದವರು ದಾರಿ ಹೇಳುತ್ತೀರಾ? ಇಬ್ಬರದೂ 28 ಮಿಲಿಮೀಟರಿನ ಟೈರು.

ವಿಟ್ಲದಿಂದ:

ಗಡಿಯ ದಾರಿಯನ್ನು ನಾನು ಹೇಳುತ್ತೇನೆ. ಹನ್ನೊಂದು ವರ್ಷಗಳ ಭಾನುವಾರಗಳನ್ನು ಅಲ್ಲಿಯೇ ಕಳೆದಿದ್ದೇನೆ.

ಮೊದಲು ಒಂದು ಮಾತು. ನಕ್ಷೆಯಲ್ಲಿ ದೂರ ಅಳೆಯುವ ಮುಂಚೆ ಊರುಗಳ ಹೆಸರು ಓದಿ. ನಮ್ಮಲ್ಲಿ ಗದ್ದೆ ಮೂರು ಬಗೆ. ನೀರು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ಗುಡ್ಡದ ನೆತ್ತಿಯಲ್ಲಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಹಾಸಿದ ಬಯಲಿಗೆ ಪದವು ಎನ್ನುತ್ತಾರೆ. ಅಡ್ಕ ಎಂದರೂ ಹೆಚ್ಚುಕಡಿಮೆ ಅಂಥದ್ದೇ ಸಮತಟ್ಟು ನೆಲ. ಬಾಕ್ರಬೈಲು, ಮೀಯಪದವು, ಅಡ್ಯನಡ್ಕ, ಸಾರಡ್ಕ ಎಂದು ಓದುತ್ತ ಹೋದರೆ ಎಲ್ಲಿ ಇಳಿಯುತ್ತೀರಿ, ಎಲ್ಲಿ ಏರುತ್ತೀರಿ ಎಂದು ಅರ್ಧ ತಿಳಿದುಬಿಡುತ್ತದೆ. ಬೈಲಿನಿಂದ ಪದವಿಗೆ ಹೋಗುವ ದಾರಿಯಾದರೆ ಏರು ಶುರುವಾಗುವ ಮೊದಲೇ ಗೇರು ಇಳಿಸಿಕೊಳ್ಳಿ. ಇಲ್ಲಿನ ಏರುಗಳು ಘಾಟಿಯಂತೆ ಉದ್ದವಿಲ್ಲ, ಆದರೆ ಒಂದರ ಹಿಂದೆ ಒಂದು ಬರುತ್ತವೆ. ಹಾಸನದ ಕಡೆಯ ಉದ್ದುದ್ದ ರಸ್ತೆಗಳಿಗೆ ಒಗ್ಗಿದ ಕಾಲು ಇಲ್ಲಿ ಮೊದಲ ದಿನ ಸೋಲುತ್ತದೆ.

ದಾರಿ ಹೀಗಿದೆ: ತೊಕ್ಕೊಟ್ಟಿನಲ್ಲಿ ಹೆದ್ದಾರಿ ಬಿಟ್ಟು ದೇರಳಕಟ್ಟೆ, ಕೊಣಾಜೆ, ಮುಡಿಪು. ವಿಶ್ವವಿದ್ಯಾಲಯವಿರುವ ಕೊಣಾಜೆಯ ತನಕ ಬಸ್ಸುಗಳ ಓಡಾಟ ಜೋರು, ಬೆಳಿಗ್ಗೆ ಏಳರೊಳಗೆ ದಾಟಿಬಿಡಿ. ಮುಡಿಪಿನಿಂದ ಬಾಕ್ರಬೈಲಿಗೆ ಬಂದರೆ ನೀವು ಕೇರಳದಲ್ಲಿದ್ದೀರಿ. ಸಾಲೆತ್ತೂರು ಮುಟ್ಟುವಷ್ಟರಲ್ಲಿ ಮತ್ತೆ ಕರ್ನಾಟಕ. ಬೋರ್ಡಿನಲ್ಲಿ ಮಲಯಾಳಂ ಕಾಣಿಸಿದರೆ ರಾಜ್ಯ ಬದಲಾಯಿತೆಂದು ತಿಳಿಯಬೇಕು, ಅಷ್ಟೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಅಂಗಡಿಯ ಮುಂದಿನ ಮಾತು ತುಳುವಿನಲ್ಲಿಯೋ ಕನ್ನಡದಲ್ಲಿಯೋ ನಡೆಯುತ್ತದೆ. ದಾರಿಯನ್ನು ಧೈರ್ಯವಾಗಿ ಕನ್ನಡದಲ್ಲೇ ಕೇಳಿ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಆಸ್ಪತ್ರೆ ಒಂದು ಕಡೆ, ಮನೆ ಇನ್ನೊಂದು ಕಡೆ ಇದ್ದ ಜನ ಆಗ ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಅದೇ ರಸ್ತೆಗಳಲ್ಲಿ ತಡೆಯಿಲ್ಲದೆ ಸೈಕಲ್ ಉರುಳುವಾಗ ಪ್ರತಿ ಸಲವೂ ಮನಸ್ಸು ಹಗುರಾಗುತ್ತದೆ.

ಡಿಸೆಂಬರ್ ಅಡಿಕೆ ಒಣಗಿಸುವ ಕಾಲ. ಸಾಲೆತ್ತೂರಿನ ಆಚೆ ಒಂದು ತಿರುವಿನಲ್ಲಿ ರಸ್ತೆಗಿಂತ ತಗ್ಗಿನಲ್ಲಿ ಒಂದು ಮನೆಯಿದೆ, ಅಂಗಳದ ತುಂಬ ಅಡಿಕೆ. ಅಲ್ಲಿನ ಅಜ್ಜಿ ಪಾದವನ್ನು ನೆಲದಿಂದ ಎತ್ತದೆ, ಅಡಿಕೆಯ ನಡುವೆ ಎಳೆಯುತ್ತ, ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಹಿಂದೆ ಎರಡು ಗೆರೆ ಬೀಳುತ್ತವೆ, ಕೆಳಗಿನ ಹಸಿ ಅಡಿಕೆ ಮೇಲೆ ಬರುತ್ತದೆ. ಆ ಗರಗರ ಸದ್ದು ಏರು ಮುಗಿಯುವ ತನಕ ಬೆನ್ನ ಹಿಂದೆ ಕೇಳುತ್ತಿರುತ್ತದೆ. ನಾನು ಅಲ್ಲಿ ನಿಲ್ಲದೆ ಹೋದ ಭಾನುವಾರ ಇಲ್ಲ.

ವಿಟ್ಲದಿಂದ ಕನ್ಯಾನ, ಬಾಯಾರು ದಾಟಿ ಉಪ್ಪಳಕ್ಕೆ ಬಂದರೆ ಮತ್ತೆ ಕಡಲು. ಅಲ್ಲಿಂದ ಮಂಜೇಶ್ವರ, ತಲಪಾಡಿ, ಮಂಗಳೂರು. ಸುತ್ತು ಪೂರ್ತಿ ಮಾಡಿದರೆ 100 ಕಿಲೋಮೀಟರಿನ ಆಸುಪಾಸು.

ಉಪ್ಪಳದಿಂದ:

ವಿಟ್ಲದವರು ಹೇಳಿದ ಸುತ್ತು ಚೆನ್ನಾಗಿದೆ, ಆದರೆ 50 ಕಿಲೋಮೀಟರ್ ತುಳಿಯುವವರಿಗೆ ಮೊದಲ ದಿನವೇ ಅದು ಬೇಡ. ಬಾಕ್ರಬೈಲಿನಿಂದ ವಿಟ್ಲಕ್ಕೆ ಹೋಗದೆ ಮಜೀರ್ಪಳ್ಳದ ಕಡೆಗೆ ತಿರುಗಿ ಹೊಸಂಗಡಿಗೆ ಬನ್ನಿ. ತೊಕ್ಕೊಟ್ಟಿನಿಂದ ತೊಕ್ಕೊಟ್ಟಿಗೆ ಸುಮಾರು 50 ಆಗುತ್ತದೆ. ಗೇರುಬೀಜದ ಮರಗಳ ಗುಡ್ಡೆ, ಅಡಿಕೆ ತೋಟ, ಗಡಿ, ಮೂರೂ ಸಿಕ್ಕಿದಂತಾಯಿತು.

ತಲಪಾಡಿಯಿಂದ ಆಚೆ ಹೆದ್ದಾರಿ ಆರು ಪಥದ್ದು. ಅದರ ಮೇಲೆ ಹತ್ತದೆ ಸರ್ವಿಸ್ ರಸ್ತೆಯಲ್ಲಿಯೇ ಇರಿ, ಎದುರಿನಿಂದ ವಾಹನ ಬಂದೇ ಬರುತ್ತದೆ ಎಂದುಕೊಂಡು ತುಳಿಯಿರಿ. ಮಂಜೇಶ್ವರದಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ಗಿಳಿವಿಂಡಿಗೆ ಹೋಗಿ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಅದು. ಗಡಿನಾಡಿಗೆ ಬಂದ ಕನ್ನಡಿಗರು ಅದನ್ನು ನೋಡದೆ ಹೋದರೆ ನನಗೆ ಬೇಸರವಾಗುತ್ತದೆ.

ಮಲ್ಪೆಯಿಂದ:

ಕಡಲ ಬದಿಯ ದಿನವನ್ನು ಕಾಪುವಿನಿಂದ ಶುರು ಮಾಡಿ, ಉಡುಪಿ ಪೇಟೆಯಿಂದ ಬೇಡ. ಕಾರಣ ಗಾಳಿ. ನವೆಂಬರಿನಿಂದ ಮಾರ್ಚಿನವರೆಗೆ ಬೆಳಗಿನ ಹೊತ್ತು ನೆಲದ ಕಡೆಯಿಂದ ತಣ್ಣನೆಯ ತೆಳುಗಾಳಿ ಬರುತ್ತದೆ. ಹನ್ನೊಂದರ ಸುಮಾರಿಗೆ ಅದು ನಿಂತು, ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ಬೆಳಿಗ್ಗೆ ಉತ್ತರಕ್ಕೆ ಹೋದವರನ್ನು ಮಧ್ಯಾಹ್ನದ ಗಾಳಿಯೇ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ತಿರುಗಿಸಿ ಮಾಡಿದರೆ ದಣಿದ ಕಾಲಿಗೆ ಎದುರುಗಾಳಿ.

ಕಾಪುವಿನ ದೀಪಸ್ತಂಭ 1901ರದ್ದು. ಅದರ ಬುಡದಿಂದ ಹೊರಟು ಕಡಲಿಗೆ ಅಂಟಿದ ರಸ್ತೆ ಹಿಡಿದು ಮಟ್ಟು, ಪಡುಕೆರೆ, ಸೇತುವೆ ದಾಟಿದರೆ ಮಲ್ಪೆ. ಮಟ್ಟು ಎಂದರೆ 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ) ಪಡೆದ ಗುಳ್ಳ ಬದನೆಯ ಊರು. ಪಡುಕೆರೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ತೋಟ, ಮನೆಗಳು ಮತ್ತು ನಿಮ್ಮ ಸೈಕಲ್. ಇಡೀ ಜಿಲ್ಲೆಯಲ್ಲಿ ನನಗೆ ಇದಕ್ಕಿಂತ ಇಷ್ಟವಾದ ರಸ್ತೆ ಇಲ್ಲ. ಒಂದೇ ಒಂದು ಏರಿಲ್ಲ. ಮಲ್ಪೆಯಿಂದ ಮುಂದೆ ತೊಟ್ಟಂ, ಹೂಡೆ, ಕೊನೆಗೆ ಕೋಡಿ ಬೆಂಗ್ರೆ. ಸ್ವರ್ಣಾ ಮತ್ತು ಸೀತಾ ನದಿಗಳು ಅಲ್ಲಿ ಒಟ್ಟಾಗಿ ಕಡಲಿಗೆ ಸೇರುತ್ತವೆ, ರಸ್ತೆಯೂ ಅಲ್ಲಿಗೇ ಮುಗಿಯುತ್ತದೆ. ಹೋಗಲು ಸುಮಾರು 30, ಬರಲು 30.

ಎರಡು ಎಚ್ಚರಿಕೆ. ಕಡಲ್ಕೊರೆತ ಆದ ಕಡೆಗಳಲ್ಲಿ ರಸ್ತೆಯ ಮೇಲೆ ತೆಳುವಾಗಿ ಮರಳು ಹರಡಿರುತ್ತದೆ. 28ರ ಟೈರಿನಲ್ಲಿ ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಲೂ ಬೇಡಿ, ನೇರವಾಗಿ ಉರುಳಲು ಬಿಡಿ. ಇನ್ನೊಂದು ಮೀನಿನ ಲಾರಿಗಳ ನೀರು. ಮಂಜುಗಡ್ಡೆ ಕರಗಿದ ನೀರಿಗೆ ಮೀನಿನ ಲೋಳೆ ಸೇರಿ ಬಂದರಿನ ಸುತ್ತಲ ರಸ್ತೆಯಲ್ಲಿ ಸೋರಿರುತ್ತದೆ. ಒಣಗಿದಂತೆ ಕಾಣುತ್ತದೆ, ಒಣಗಿರುವುದಿಲ್ಲ. ಮೂರು ವರ್ಷದ ಹಿಂದೆ ಬಂದರಿನ ಹತ್ತಿರದ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ, ಆರು ವಾರ ಪ್ಲಾಸ್ಟರ್. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಲೇಸು. ಮನೆಗೆ ಬಂದ ಕೂಡಲೇ ಸೈಕಲ್ಲನ್ನು ಸಿಹಿನೀರಿನಿಂದ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ನಾಳೆಗೆಂದು ಇಟ್ಟರೆ ಉಪ್ಪುಗಾಳಿ ಒಂದೇ ರಾತ್ರಿಯಲ್ಲಿ ಚೈನನ್ನು ಕೆಂಪಾಗಿಸುತ್ತದೆ.

ಉಡುಪಿಯ ಕುಂಜಿಬೆಟ್ಟಿನಿಂದ:

ತಂಗಿ ಜೊತೆಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಶೌಚಾಲಯದ ವಿಚಾರವನ್ನು ಗಂಡಸರು ಯಾರೂ ಹೇಳಲಿಲ್ಲ. ಕಾಪು ಮತ್ತು ಮಲ್ಪೆ ಕಡಲತೀರಗಳಲ್ಲಿ ಇವೆ, ನಡುವಿನ ಪಡುಕೆರೆಯಲ್ಲಿ ನಂಬಿಕೊಂಡು ಹೋಗುವಂಥದ್ದು ನನಗೆ ಸಿಕ್ಕಿಲ್ಲ. ಗಡಿಯ ದಾರಿಯಲ್ಲಿ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಕೇಳಿ. ಇದಕ್ಕೆ ಹೆದರಿ ನೀರು ಕುಡಿಯುವುದನ್ನು ಕಡಿಮೆ ಮಾಡಬಾರದು ಎಂದು ತಂಗಿಗೆ ಹೇಳಿ. ಇಲ್ಲಿನ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಸೋರುತ್ತಲೇ ಇರುತ್ತದೆ. ಗಂಟೆಗೊಂದು ಬೊಂಡ, ಅಂದರೆ ಎಳನೀರು, ಕುಡಿಯಲಿ. ಎಲ್ಲಾದರೂ ಗಂಜಿ ಊಟ ಸಿಕ್ಕಿದರೆ ಉಪ್ಪಿನಕಾಯಿಯ ಜೊತೆ ಉಣ್ಣಲಿ, ಬೆವರಿನಲ್ಲಿ ಹೋದ ಉಪ್ಪು ಮರಳಿ ಬರುತ್ತದೆ.

ಇನ್ನೊಂದು, ಡಿಸೆಂಬರಿನಲ್ಲಿ ಎಲ್ಲ ಕಡೆ ದೈವಗಳ ಕೋಲ, ಯಕ್ಷಗಾನ. ರಾತ್ರಿಯಿಡೀ ಎಚ್ಚರವಿದ್ದು ನಸುಕಿನಲ್ಲಿ ಬೈಕು, ಕಾರು ಓಡಿಸಿಕೊಂಡು ಮನೆಗೆ ಹೋಗುವವರು ಇರುತ್ತಾರೆ. ಬೆಳಕು ಹರಿಯುವ ಮುಂಚೆ ಹೊರಡುವುದಾದರೆ ಹಿಂದೆ ಕೆಂಪು ದೀಪ ಇರಲೇಬೇಕು.

ಕೊಟ್ಟಾರದಿಂದ:

ಎಲ್ಲರಿಗೂ ಕೃತಜ್ಞತೆಗಳು. ಮೊದಲ ದಿನ ಕಾಪುವಿನಿಂದ ಬೆಂಗ್ರೆ, ಒಂದು ದಿನ ವಿಶ್ರಾಂತಿ, ಮೂರನೆಯ ದಿನ ಬಾಕ್ರಬೈಲು ಮತ್ತು ಹೊಸಂಗಡಿ ಎಂದು ನಿಶ್ಚಯಿಸಿದ್ದೇವೆ. ಆ ಅಜ್ಜಿಯ ಅಂಗಳ ನಮ್ಮ ದಾರಿಯಲ್ಲಿ ಸಿಗುವುದಿಲ್ಲವಲ್ಲ?

ವಿಟ್ಲದಿಂದ:

ಸಿಗುವುದಿಲ್ಲ ಮಾರಾಯರೇ, ಅದು ಸಾಲೆತ್ತೂರಿನ ಆಚೆ. ಆದರೆ ಬಾಕ್ರಬೈಲಿನ ಸುತ್ತ ಅಂಥ ಅಂಗಳಗಳು ಬೇಕಾದಷ್ಟಿವೆ. ಒಂದು ಕಡೆ ನಿಂತು ನೀರು ಕೇಳಿ. ನೀರಿನ ಜೊತೆ ಬೆಲ್ಲವನ್ನೂ ತಂದು ಕೊಟ್ಟರೆ ಬೇಡ ಎನ್ನಬೇಡಿ, ಮುಂದಿನ ಏರಿಗೆ ಬೇಕಾಗುತ್ತದೆ.