ಕೋಡಿಂಗ್ ಸ್ಪರ್ಧೆ: ರೌಟರ್‌ನಲ್ಲಿ ಇಂಟರ್ನೆಟ್ ಬಂದ್ ಮಾಡಿದರೂ ಲ್ಯಾಬ್ ಪಿಸಿಗೆ ನೆಟ್ ಸಿಗುತ್ತಿದೆ

ಲ್ಯಾಬ್‌ಮೇಷ್ಟ್ರು:
ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಮುಂದಿನ ವಾರ ಅಂತರ ಕಾಲೇಜು ಕೋಡಿಂಗ್ ಸ್ಪರ್ಧೆ ಇದೆ. ಎಲ್ಲಾ ಪಿಸಿಗಳೂ ಉಬುಂಟು 22.04, ಜಡ್ಜಿಂಗ್‌ಗೆ ಡೊಮ್‌ಜಡ್ಜ್ (ಮಕ್ಕಳ ಕೋಡನ್ನು ತಾನೇ ಪರೀಕ್ಷಿಸುವ ಸಾಫ್ಟ್‌ವೇರ್). ರೌಟರ್‌ನಲ್ಲಿ ಹೊರಗಿನ ಇಂಟರ್ನೆಟ್ ಪೂರ್ತಿ ಬಂದ್ ಮಾಡಿದ್ದೇನೆ. ಆದರೂ ನಿನ್ನೆ ಟ್ರಯಲ್ ನಡೆಯುವಾಗ ಒಂದು ಪಿಸಿಯಲ್ಲಿ ಗೂಗಲ್ ತೆರೆದುಕೊಂಡಿತು. ರೌಟರ್ ಲಾಗ್‌ನಲ್ಲಿ ಏನೂ ಇಲ್ಲ. ಯಾರದೋ ಹಾಟ್‌ಸ್ಪಾಟ್ ಇರಬೇಕು. ಸಿಗ್ನಲ್ ತಡೆಯುವ ಜಾಮರ್ ತರಿಸೋಣವೇ? ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬರುವ ಮಕ್ಕಳಿಗೆ ಅನ್ಯಾಯ ಆಗಬಾರದು.

ಕರ್ನಲ್‌ಪ್ರಿಯ:
ಸರ್, ಜಾಮರ್ ಖಂಡಿತ ಬೇಡ. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಬಳಸುವುದು ಕಾನೂನುಬಾಹಿರ. ದೂರಸಂಪರ್ಕ ಇಲಾಖೆ 2022ರಲ್ಲಿ ಇದನ್ನು ಮತ್ತೆ ನೆನಪಿಸಿದೆ. ಹಾಟ್‌ಸ್ಪಾಟ್‌ಗಳನ್ನು ಬಲವಂತವಾಗಿ ಕಡಿದುಹಾಕುವ ಡೀಆಥ್ ಟೂಲ್‌ಗಳೂ ಬೇಡ, ಅಕ್ಕಪಕ್ಕದವರ ವೈಫೈ ಕೂಡ ಹಾಳಾಗುತ್ತದೆ. ಸಿಗ್ನಲ್ ಹಿಂದೆ ಓಡುವ ಬದಲು ಪಿಸಿಯನ್ನೇ ಬಿಗಿ ಮಾಡಿ.

ಲಾಗ್ ಖಾಲಿ ಇರುವುದು ಸಹಜ. ಫೋನಿನಿಂದ ಬರುವ ನೆಟ್ ನಿಮ್ಮ ರೌಟರ್ ಮುಟ್ಟುವುದೇ ಇಲ್ಲ. ಆ ಪಿಸಿಯಲ್ಲಿ 'ಐಪಿ ರೌಟ್' ಕಮಾಂಡ್ ಕೊಟ್ಟು ನೋಡಿ. 'ಡಿಫಾಲ್ಟ್' ಅಂತ ಎರಡು ಸಾಲು ಬಂದರೆ ಇನ್ನೊಂದು ದಾರಿ ತೆರೆದಿದೆ ಅಂತ ಅರ್ಥ. ಅದರಲ್ಲಿರುವ ಐಪಿ ವಿಳಾಸ 172.20.10 ಇಂದ ಶುರುವಾದರೆ ಬಹುತೇಕ ಐಫೋನ್. 192.168.42 ಆದರೆ ಹಳೇ ಆಂಡ್ರಾಯ್ಡ್‌ನ ಯುಎಸ್‌ಬಿ ಟೆದರಿಂಗ್, ಅಂದರೆ ಫೋನಿನ ನೆಟ್ಟನ್ನು ಕೇಬಲ್ ಮೂಲಕ ಪಿಸಿಗೆ ಕೊಡುವುದು. ವೈಫೈ ಮಾತ್ರ ಆಫ್ ಮಾಡಿದರೆ ಸಾಲದು, ನೆಟ್ ಬರಲು ಚಾರ್ಜಿಂಗ್ ಕೇಬಲ್ ಒಂದೇ ಸಾಕು.

ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ಔಟ್‌ಪುಟ್ ಪಾಲಿಸಿ 'ಡ್ರಾಪ್' ಇಡಿ, ಅಂದರೆ ಪಿಸಿಯಿಂದ ಹೊರಹೋಗುವುದೆಲ್ಲಾ ಬಂದ್. ಲೂಪ್‌ಬ್ಯಾಕ್ (ಪಿಸಿ ತನ್ನೊಳಗೇ ಮಾತಾಡುವ ದಾರಿ) ಮತ್ತು ಡೊಮ್‌ಜಡ್ಜ್ ಸರ್ವರ್‌ನ ಐಪಿಗೆ ಮಾತ್ರ ಬಿಡಿ. ಟೇಬಲ್ ಐಪಿವಿ4, ಐಪಿವಿ6 ಎರಡಕ್ಕೂ ಅನ್ವಯಿಸುವ 'ಐನೆಟ್' ಬಗೆಯದ್ದೇ ಆಗಿರಲಿ. ಬರೀ ಐಪಿವಿ4ಗೆ ರೂಲ್ ಬರೆದರೆ ಐಪಿವಿ6 ಮೂಲಕ ಎಲ್ಲಾ ಹೊರಗೆ ಹೋಗುತ್ತದೆ. ಹೆಸರಿನಿಂದ ಐಪಿ ಹುಡುಕುವ ಡಿಎನ್‌ಎಸ್‌ಗೂ ದಾರಿ ಬಿಡಬೇಡಿ, ಸರ್ವರ್ ಹೆಸರನ್ನು ಹೋಸ್ಟ್ಸ್ ಫೈಲ್‌ನಲ್ಲಿ ಬರೆದರೆ ಆಯ್ತು. ಮಕ್ಕಳ ಲಾಗಿನ್‌ಗೆ ಸುಡೊ (ಅಡ್ಮಿನ್ ಅಧಿಕಾರ) ಇರಬಾರದು.

ಲ್ಯಾಬ್‌ಮೇಷ್ಟ್ರು:
ನೀವು ಹೇಳಿದ್ದು ಸರಿ, 192.168.42 ಸಾಲು ಸಿಕ್ಕಿತು. ಫೈರ್‌ವಾಲ್ ಹಾಕಿದೆ, ಗೂಗಲ್ ನಿಂತಿತು. ಆದರೆ ಫೋನ್ ಜೋಡಿಸಿದರೆ ಪಿಸಿಗೆ ಈಗಲೂ ಐಪಿ ಬರುತ್ತಿದೆಯಲ್ಲ?

ಕರ್ನಲ್‌ಪ್ರಿಯ:
ಬರುತ್ತದೆ, ಗಾಬರಿ ಬೇಡ. ಐಪಿ ಕೇಳಿ ಪಡೆಯುವ ಡಿಎಚ್‌ಸಿಪಿ ಬೇರೆ ಬಗೆಯ ಸಾಕೆಟ್ ಬಳಸುವುದರಿಂದ ಈ ರೂಲ್ ಅದನ್ನು ತಡೆಯುವುದಿಲ್ಲ. ಅದರಾಚೆ ಏನೂ ಹೋಗುವುದಿಲ್ಲ.

ಪೆನ್‌ಡ್ರೈವ್‌ಗೆಳೆಯ:
ನಡುವೆ ಬಂದೆ, ಕ್ಷಮಿಸಿ. ಐಪಿಯೂ ಬರಬಾರದು ಅಂದರೆ ಯುಎಸ್‌ಬಿ ಟೆದರಿಂಗ್‌ಗೆ ಬೇಕಾದ ಡ್ರೈವರ್ ಮಾಡ್ಯೂಲ್‌ಗಳನ್ನೇ ತಡೆಯಿರಿ: ಆರ್‌ಎನ್‌ಡಿಐಎಸ್ ಹೋಸ್ಟ್, ಸಿಡಿಸಿ ಈಥರ್, ಸಿಡಿಸಿ ಎನ್‌ಸಿಎಂ, ಐಫೋನ್‌ಗೆ ಐಪಿಹೆತ್. ಬಹುತೇಕ ವೈಫೈ ಡಾಂಗಲ್‌ಗಳಿಗೆ ಸಿಎಫ್‌ಜಿ80211 ಮಾಡ್ಯೂಲ್ ತಡೆದರೆ ಸಾಕು. ಸುಮ್ನೆ ಬ್ಲ್ಯಾಕ್‌ಲಿಸ್ಟ್ ಅಂತ ಬರೆದರೆ ಬೇರೆ ಮಾಡ್ಯೂಲ್ ಅದನ್ನು ಎಳೆದು ತರಬಹುದು. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ 'ಇನ್‌ಸ್ಟಾಲ್' ಸಾಲು ಬರೆದು ಅದನ್ನು 'ಫಾಲ್ಸ್' ಕಮಾಂಡ್ ಕಡೆಗೆ ತಿರುಗಿಸಿ, ಆಗ ಲೋಡ್ ಆಗುವುದೇ ಇಲ್ಲ. ಬಯಾಸ್‌ಗೆ ಪಾಸ್‌ವರ್ಡ್ ಹಾಕಿ ಪೆನ್‌ಡ್ರೈವ್ ಬೂಟ್ ನಿಲ್ಲಿಸಿ, ಇಲ್ಲದಿದ್ದರೆ ಇಷ್ಟೆಲ್ಲಾ ಮಾಡಿದ್ದೂ ವ್ಯರ್ಥ.

ಲ್ಯಾಬ್‌ಮೇಷ್ಟ್ರು:
ಎರಡೂ ಮಾಡಿದೆ. ಫೋನ್ ಜೋಡಿಸಿದರೆ ಈಗ ಬರೀ ಚಾರ್ಜ್ ಆಗುತ್ತದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಕರ್ನಲ್‌ಪ್ರಿಯ:
ಒಳ್ಳೆಯದಾಯ್ತು ಸರ್. ಎನ್‌ಎಫ್‌ಟೇಬಲ್ಸ್ ಸರ್ವಿಸ್ 'ಎನೇಬಲ್' ಮಾಡಿದ್ದೀರಿ ತಾನೆ? ಸ್ಪರ್ಧೆ ನಡುವೆ ಕರೆಂಟ್ ಹೋಗಿ ಬಂದರೂ ರೂಲ್ ಉಳಿಯಬೇಕು. ಒಂದು ಪಿಸಿ ರೀಸ್ಟಾರ್ಟ್ ಮಾಡಿ ಇವತ್ತೇ ನೋಡಿಬಿಡಿ.